ಗೋಡೆಗೆ ಬಣ್ಣ ಆರಿಸುವ ಮುನ್ನ ಬೆಳಕು ನೋಡಿ

(ಮನೆಯ ಬಣ್ಣಗಳ ಕುರಿತು ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮನೆಗೆ ಬಣ್ಣ ಹೊಡೆಸುವ ಮಾತು ಬಂದ ಕೂಡಲೇ ಶೇಡ್ ಕಾರ್ಡ್ ತರಿಸುತ್ತೇವೆ. ಎಲ್ಲರೂ ಅದರ ಸುತ್ತ ಕೂರುತ್ತಾರೆ. ಒಬ್ಬರಿಗೆ ನೀಲಿ ಇಷ್ಟ, ಇನ್ನೊಬ್ಬರಿಗೆ ಹಳದಿ. ಸ್ವಲ್ಪ ಹೊತ್ತು ಚರ್ಚೆಯಾಗಿ, ಬೆರಳಗಲದ ಒಂದು ಚೌಕ ತೋರಿಸಿ ‘ಇದೇ ಇರಲಿ’ ಅಂತ ತೀರ್ಮಾನ ಆಗುತ್ತದೆ. ಆಮೇಲೆ ನಾಲ್ಕು ಗೋಡೆಗೂ ಅದು ಬಂದು ನಿಂತಾಗ ‘ನಾವು ಆರಿಸಿದ್ದು ಇದಲ್ಲವಲ್ಲ’ ಅನ್ನಿಸುತ್ತದೆ. ಪೇಂಟರ್ ಮೇಲೆ ಅನುಮಾನ, ಅಂಗಡಿಯವರ ಮೇಲೆ ಸಿಟ್ಟು. ಎಷ್ಟೋ ಸಲ ಅವರಿಬ್ಬರದೂ ತಪ್ಪಿರುವುದಿಲ್ಲ. ಡಬ್ಬಿಯಲ್ಲಿದ್ದದ್ದು ಅದೇ ಬಣ್ಣ. ಅದರ ಮೇಲೆ ಬೀಳುವ ಬೆಳಕು ಬೇರೆ, ಅದರ ಪಕ್ಕದಲ್ಲಿರುವ ವಸ್ತುಗಳು ಬೇರೆ, ಅದು ಹರಡಿಕೊಂಡ ಜಾಗ ಬೇರೆ.

ಹಾಗಾಗಿ ನನ್ನ ಮಾತು ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಮೊದಲು ಕೋಣೆಯ ಬೆಳಕು ನೋಡಿ. ಆ ಕೋಣೆಯಲ್ಲಿ ನೀವು ಯಾವ ಹೊತ್ತಿನಲ್ಲಿ ಜಾಸ್ತಿ ಇರುತ್ತೀರಿ ಅಂತ ಯೋಚಿಸಿ. ಬದಲಾಯಿಸಲಾಗದ ವಸ್ತುಗಳು ಯಾವುವು ಅಂತ ಪಟ್ಟಿ ಮಾಡಿ. ಶೇಡ್ ಕಾರ್ಡ್ ತೆರೆಯುವುದು ಆಮೇಲೆ.

ಇಲ್ಲಿ ನನ್ನ ಕೈಯಲ್ಲಿ ಹಳದಿ ಬಣ್ಣದ ಒಂದು ದಪ್ಪ ಕಾಗದ ಇದೆ. ಹೀಗೆ ಚಪ್ಪಟೆಯಾಗಿ ಹಿಡಿದರೆ ತಿಳಿಹಳದಿ. ಈಗ ಇದನ್ನು ನಡುವೆ ಮಡಚಿ, ತೆರೆದ ಪುಸ್ತಕದ ಹಾಗೆ ಹಿಡಿಯುತ್ತೇನೆ. ಒಳಮೂಲೆ ನೋಡಿ. ಅಲ್ಲಿ ಹಳದಿ ಗಾಢವಾಗಿದೆ, ಹೆಚ್ಚುಕಮ್ಮಿ ಕಿತ್ತಳೆಯ ಕಡೆಗೆ ವಾಲಿದೆ. ಕಾಗದ ಅದೇ. ಒಂದು ಬದಿಯಿಂದ ಪುಟಿದ ಹಳದಿ ಬೆಳಕು ಇನ್ನೊಂದು ಬದಿಗೆ ಬೀಳುತ್ತದೆ, ಅಲ್ಲಿಂದ ಮತ್ತೆ ಇತ್ತ ಬರುತ್ತದೆ. ಪ್ರತಿ ಸಲ ಪುಟಿದಾಗಲೂ ಕಾಗದ ನೀಲಿ ಬೆಳಕನ್ನು ಇನ್ನಷ್ಟು ನುಂಗಿಕೊಳ್ಳುತ್ತದೆ, ಉಳಿಯುವುದು ಇನ್ನಷ್ಟು ಹಳದಿ. ನಿಮ್ಮ ಕೋಣೆಯಲ್ಲಿ ಆಗುವುದೂ ಇದೇ. ನಾಲ್ಕು ಗೋಡೆಗಳು ಒಂದರ ಮೇಲೊಂದು ಬಣ್ಣ ಚೆಲ್ಲುತ್ತಾ ಇರುತ್ತವೆ. ಕಾರ್ಡಿನಲ್ಲಿ ಸೌಮ್ಯವಾಗಿದ್ದ ಬಣ್ಣ ಕೋಣೆ ತುಂಬಿದಾಗ ಕಣ್ಣಿಗೆ ಹೊಡೆಯುವುದು ಇದರಿಂದ. ಅದಕ್ಕೇ ನಾನು ಯಾವಾಗಲೂ ಹೇಳುತ್ತೇನೆ: ನಾಲ್ಕೂ ಗೋಡೆಗೆ ಹೊಡೆಸುವುದಾದರೆ, ಕಾರ್ಡಿನಲ್ಲಿ ಇಷ್ಟವಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮಂಕಾದ, ಸ್ವಲ್ಪ ಬೂದು ಬೆರೆತ ಶೇಡ್ ನೋಡಿ. ಅದು ಗೋಡೆಯ ಮೇಲೆ ನಿಮಗೆ ಬೇಕಾದ ಬಣ್ಣವಾಗಿ ಕಾಣುವ ಸಾಧ್ಯತೆ ಜಾಸ್ತಿ.

ಈಗ ಬಿಳಿಯ ವಿಷಯ. ‘ಸುಮ್ನೆ ಬಿಳಿ ಹೊಡೆಸಿಬಿಡೋಣ, ತಲೆನೋವೇ ಬೇಡ’ ಅನ್ನುವವರು ತುಂಬಾ ಜನ. ನನ್ನ ಅನುಭವದಲ್ಲಿ ಆರಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಬಿಳಿಯೇ. ಬಿಳಿ ಎಂದು ಮಾರುವ ನಾಲ್ಕೈದು ಶೇಡ್‌ಗಳನ್ನು ತಂದು ಬರೆಯುವ ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಒಂದರಲ್ಲಿ ನಸುಗೆಂಪು ಇಣುಕುತ್ತದೆ, ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ನೀಲಿ. ಕಾರ್ಡಿನಲ್ಲಿ ಒಂಟಿಯಾಗಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಕೋಣೆಗೆ ಬಂದಾಗ ಈ ಒಳಬಣ್ಣ ಎದ್ದು ನಿಲ್ಲುತ್ತದೆ. ಕೆನೆ ಬಣ್ಣದ ಟೈಲ್ಸ್ ಪಕ್ಕದಲ್ಲಿ ನೀಲಿ ಇರುವ ಬಿಳಿ ಹೊಡೆಸಿದರೆ ಟೈಲ್ಸ್ ಮಾಸಿದಂತೆ ಕಾಣುತ್ತದೆ. ಟೈಲ್ಸ್ ತೊಳೆದೂ ತೊಳೆದೂ ಸುಸ್ತಾಗುತ್ತೀರಿ, ಕಾರಣ ಮಾತ್ರ ಗೋಡೆಯಲ್ಲಿರುತ್ತದೆ.

ಪಕ್ಕದ ಬಣ್ಣ ಕಣ್ಣಿಗೆ ಹೀಗೆ ಮಾಡುತ್ತದೆ ಎಂಬುದನ್ನು ಮೊದಲು ಕ್ರಮವಾಗಿ ವಿವರಿಸಿದವರಲ್ಲಿ ಮಿಷೆಲ್ ಯುಜೀನ್ ಶೆವ್ರೆಲ್ ಮುಖ್ಯರು. ಫ್ರಾನ್ಸಿನ ರಸಾಯನ ವಿಜ್ಞಾನಿ. 1824ರಲ್ಲಿ ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗದ ಹೊಣೆ ಹೊತ್ತರು. ಅಲ್ಲಿ ಒಂದು ದೂರು ಇತ್ತು: ನೀಲಿ, ನೇರಳೆ ಬಟ್ಟೆಗಳ ನೆರಳಿನ ಭಾಗಕ್ಕೆ ಬಳಸುವ ಕಪ್ಪು ನೂಲು ಪೇಲವವಾಗಿದೆ, ಬಣ್ಣ ಸರಿಯಾಗಿ ಹಿಡಿದಿಲ್ಲ. ಶೆವ್ರೆಲ್ ಆ ನೂಲನ್ನು ಬೇರೆ ಕಡೆಯ ಒಳ್ಳೆಯ ಕಪ್ಪು ನೂಲಿನ ಜೊತೆ ಇಟ್ಟು ಹೋಲಿಸಿದರು. ನೂಲಿನಲ್ಲಿ ಕೊರತೆಯೇನೂ ಕಾಣಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆಯೇ ಕಪ್ಪನ್ನು ಹಾಗೆ ಕಾಣಿಸುತ್ತಿತ್ತು. ಇದರ ಮೇಲೆ ಅವರು 1839ರಲ್ಲಿ ದೊಡ್ಡದೊಂದು ಪುಸ್ತಕವನ್ನೇ ಬರೆದರು. ಮನೆಯಲ್ಲಿ ನಾವು ಪಡುವ ಗೊಂದಲ ಅದೇ. ‘ಈ ಸೋಫಾ ಅಂಗಡಿಯಲ್ಲಿ ಎಷ್ಟು ಚೆನ್ನಾಗಿತ್ತು’ ಅನ್ನುತ್ತೇವಲ್ಲ, ಅಂಗಡಿಯಲ್ಲಿ ಅದರ ಹಿಂದೆ ಬೇರೆ ಗೋಡೆ ಇತ್ತು.

ಇದರಿಂದ ಸುಲಭವಾದ ಒಂದು ಉಪಾಯ ಸಿಗುತ್ತದೆ. ಶೇಡ್ ಕಾರ್ಡನ್ನು ಹಾಗೇ ನೋಡಬೇಡಿ. ಬಿಳಿ ಕಾಗದದಲ್ಲಿ ಒಂದು ಚೌಕ ಕತ್ತರಿಸಿ, ಆ ಕಿಂಡಿಯಲ್ಲಿ ಒಂದೇ ಶೇಡ್ ಕಾಣುವ ಹಾಗೆ ಇಟ್ಟು ನೋಡಿ. ಅಕ್ಕಪಕ್ಕದ ಶೇಡ್‌ಗಳು ಕಣ್ಣನ್ನು ಎಳೆಯುವುದು ನಿಲ್ಲುತ್ತದೆ. ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ 1931ರಲ್ಲಿ ಸಾಲುಬ್ರಾ ಎಂಬ ವಾಲ್‌ಪೇಪರ್ ಕಂಪನಿಗೆ 43 ಶೇಡ್‌ಗಳ ಸಂಗ್ರಹ ಮಾಡಿಕೊಟ್ಟಾಗಲೂ ಬೇಕಾದ ಬಣ್ಣಗಳನ್ನು ಮಾತ್ರ ಬೇರ್ಪಡಿಸಿ ನೋಡುವಂತೆ ಕಿಂಡಿ ಕೊರೆದ ಪಟ್ಟಿಗಳನ್ನು ಜೊತೆಗೆ ಕೊಟ್ಟಿದ್ದರು. ಆ 43 ಎಂಬ ಸಂಖ್ಯೆ ನನಗೆ ತುಂಬಾ ಇಷ್ಟ. ಈಗ ಸಾವಿರಾರು ಶೇಡ್‌ಗಳ ಪುಸ್ತಕ ಕೈಗೆ ಕೊಡುತ್ತಾರೆ. ಆಯ್ಕೆ ಹೆಚ್ಚಾದಷ್ಟೂ ತಲೆ ಕೆಡುತ್ತದೆ, ಅಲ್ವಾ?

ಬೆಳಕಿಗೆ ಬರೋಣ. ಪೂರ್ವದ ಕಿಟಕಿ ಇರುವ ಕೋಣೆಗೆ ಬೆಳಿಗ್ಗೆ ಹೊಂಬಿಸಿಲು, ಮಧ್ಯಾಹ್ನದ ನಂತರ ಆಕಾಶದ ತಣ್ಣನೆಯ ಬೆಳಕು. ಪಶ್ಚಿಮದ ಕೋಣೆ ಇದಕ್ಕೆ ಉಲ್ಟಾ. ಮಧ್ಯಾಹ್ನದವರೆಗೆ ಮಂಕಾಗಿದ್ದು ಸಂಜೆ ಕೇಸರಿಯಾಗುತ್ತದೆ. ಸಂಜೆ ಹೊತ್ತು ಬಳಸುವ ಪಶ್ಚಿಮದ ಕೋಣೆಗೆ ಕಿತ್ತಳೆ, ಇಟ್ಟಿಗೆ ಕೆಂಪು ಹೊಡೆಸಿದರೆ ಆ ಹೊತ್ತಿನಲ್ಲಿ ಉರಿಯುವಂತೆ ಕಾಣುತ್ತದೆ. ನೇರ ಬಿಸಿಲೇ ಬೀಳದ ಕಿಟಕಿಯಿಂದ ಬರುವುದು ನೀಲಿ ಬೆರೆತ ಬೆಳಕು. ಉತ್ತರ ಗೋಳಾರ್ಧದಲ್ಲಿ ಸಾಮಾನ್ಯವಾಗಿ ಉತ್ತರದ ಕಿಟಕಿ ಹೀಗಿರುತ್ತದೆ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣದ್ದು. ಅಲ್ಲಿ ಬೂದು ಬಣ್ಣ ಹೊಡೆಸಿದರೆ ನೀಲಿಯಾಗುತ್ತದೆ. ಹಳದಿ ಅಥವಾ ಕೆಂಪಿನ ಕಡೆಗೆ ವಾಲಿದ ಶೇಡ್ ಅಂಥ ಕೋಣೆಯಲ್ಲಿ ಹದವಾಗಿ ಕೂರುತ್ತದೆ. ಕಿಟಕಿಯ ಹೊರಗೆ ಏನಿದೆ ಎಂಬುದನ್ನೂ ಮರೆಯಬೇಡಿ. ದೊಡ್ಡ ಮರ ಇದ್ದರೆ ಒಳಗೆ ಬರುವುದು ಹಸಿರು ಬೆಳಕು. ಎದುರು ಮನೆಯ ಗೋಡೆ ಕೆಂಪಿದ್ದರೆ, ಬಿಸಿಲು ಅದಕ್ಕೆ ಬಿದ್ದ ಹೊತ್ತಿನಲ್ಲಿ ನಿಮ್ಮ ಗೋಡೆಯೂ ಕೆಂಪಾಗುತ್ತದೆ.

ರಾತ್ರಿಯ ಬೆಳಕು ನಮ್ಮ ಕೈಯಲ್ಲೇ ಇದೆ. ಬಲ್ಬಿನ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ಹುಡುಕಿ. ಒಂದು ಕೆಲ್ವಿನ್. 2700 ಅಂದರೆ ಹಳದಿ ಬೆಳಕು, 4000 ಅಂದರೆ ನಡುವಿನದು, 6500 ಅಂದರೆ ನೀಲಿ ಬೆರೆತ ಬಿಳಿ. ಇನ್ನೊಂದು ಸಿಆರ್‌ಐ. ಅದು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ, ಗರಿಷ್ಠ 100. 80 ಇರುವ ಬಲ್ಬುಗಳು ಎಲ್ಲೆಲ್ಲೂ ಸಿಗುತ್ತವೆ. 90ಕ್ಕಿಂತ ಹೆಚ್ಚಿರುವುದನ್ನು ತಂದರೆ ಗೋಡೆ, ಬಟ್ಟೆ, ಮುಖ ಎಲ್ಲದರ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಒಂದೇ ಕೋಣೆಯಲ್ಲಿ ಒಂದು ಬಲ್ಬು 2700, ಇನ್ನೊಂದು 6500 ಹಾಕಿದರೆ ಯಾವ ಬಣ್ಣವೂ ಉಳಿಯುವುದಿಲ್ಲ, ಒಂದೇ ಗೋಡೆ ಎರಡು ಗೋಡೆಯಾಗುತ್ತದೆ. ಹಗಲಲ್ಲಿ ಒಂದೇ ಥರ ಕಂಡ ಪರದೆ ಮತ್ತು ಗೋಡೆ ರಾತ್ರಿ ಬಲ್ಬಿನ ಕೆಳಗೆ ಬೇರೆಬೇರೆಯಾಗುವುದೂ ಉಂಟು. ಎರಡರಲ್ಲೂ ಇರುವ ಬಣ್ಣದ ಪುಡಿ ಬೇರೆ, ಒಂದೊಂದು ಬೆಳಕಿಗೆ ಒಂದೊಂದು ಥರ ಸ್ಪಂದಿಸುತ್ತದೆ. ಆದ್ದರಿಂದ ಪರದೆಯ ಬಟ್ಟೆಯ ತುಂಡನ್ನು ಹಗಲಲ್ಲಿ ಒಮ್ಮೆ, ದೀಪದ ಕೆಳಗೆ ಒಮ್ಮೆ ಗೋಡೆಗೆ ಹಿಡಿದು ನೋಡಲೇಬೇಕು.

ಕೆಲವು ಶೇಡ್ ಕಾರ್ಡ್‌ಗಳ ಹಿಂದೆ ಎಲ್‌ಆರ್‌ವಿ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಗೋಡೆ ವಾಪಸ್ ಕೊಡುತ್ತದೆ ಎಂಬುದು ಅದು. ಕಪ್ಪಿಗೆ 0, ಬಿಳಿಗೆ 100. ಕೋಣೆ ಕತ್ತಲು ಅನ್ನಿಸುತ್ತಿದ್ದರೆ ಬಣ್ಣದ ಹೆಸರಿಗಿಂತ ಈ ಸಂಖ್ಯೆಯನ್ನು ನಂಬಿ. ತಿಳಿ ಹಸಿರು, ತಿಳಿ ನೀಲಿ ಎಂಬ ಹೆಸರಿನಲ್ಲಿ 40ರ ಶೇಡೂ ಇರುತ್ತದೆ, 75ರದ್ದೂ ಇರುತ್ತದೆ.

ಇನ್ನು ಕೋಣೆಗಳು.

ಹಾಲ್‌ನಲ್ಲಿ ಬಣ್ಣ ಆರಿಸುವಾಗ ನೆಲ ನೋಡಿಕೊಂಡು ಶುರು ಮಾಡಿ. ನೆಲ, ಬಾಗಿಲಿನ ಮರ, ದೊಡ್ಡ ಸೋಫಾ ಇವು ಸುಲಭವಾಗಿ ಬದಲಾಗುವುದಿಲ್ಲ. ಪೇಂಟನ್ನು ಯಾವ ಶೇಡಿಗೆ ಬೇಕಾದರೂ ಕಲಸಿಕೊಡುತ್ತಾರೆ, ಸೋಫಾ ಬಟ್ಟೆಯನ್ನು ಹಾಗೆ ಕಲಸಲು ಬರುವುದಿಲ್ಲ. ಆದರೂ ಹೆಚ್ಚಿನವರು ಮೊದಲು ಗೋಡೆಗೆ ಹೊಡೆಸಿ, ಆಮೇಲೆ ಅದಕ್ಕೆ ಹೊಂದುವ ಪರದೆ ಹುಡುಕುತ್ತಾ ಅಲೆಯುತ್ತಾರೆ. ಕ್ರಮ ತಿರುವಿಹಾಕಿ: ನೆಲ, ಪೀಠೋಪಕರಣ, ಪರದೆ, ಕೊನೆಗೆ ಗೋಡೆ. ಹಾಲ್‌ನಲ್ಲಿ ನಿಂತಾಗ ತೆರೆದ ಬಾಗಿಲಿನಿಂದ ಯಾವ ಯಾವ ಕೋಣೆಯ ಗೋಡೆ ಕಾಣುತ್ತದೆ ಎಂಬುದನ್ನೂ ಗಮನಿಸಿ. ಆ ಗೋಡೆಗಳೆಲ್ಲ ಒಂದೇ ನೋಟದಲ್ಲಿ ಬರುತ್ತವೆ, ಒಂದಕ್ಕೊಂದು ಜಗಳ ಆಡಬಾರದು.

ಶೇಕಡಾ 60 ಮುಖ್ಯ ಬಣ್ಣ, 30 ಜೊತೆಯ ಬಣ್ಣ, 10 ಎದ್ದು ಕಾಣುವ ಬಣ್ಣ ಎಂಬ ಸೂತ್ರ ನೀವು ಕೇಳಿರುತ್ತೀರಿ. ಹೊಸಬರಿಗೆ ಧೈರ್ಯ ಕೊಡಲು ಅದು ಪರವಾಗಿಲ್ಲ. ಆದರೆ ನೆಲ, ಮರ, ಪುಸ್ತಕಗಳ ಬೆನ್ನು ಇವೆಲ್ಲ ಆ ಲೆಕ್ಕದಲ್ಲಿ ಸೇರುತ್ತವೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕಂದು ಮರದ ನೆಲ, ಮರದ ಕಪಾಟು ಇರುವ ಕೋಣೆಯಲ್ಲಿ ಕಂದು ಈಗಾಗಲೇ ತನ್ನ ಪಾಲು ಪಡೆದಾಗಿದೆ.

ಬೆಡ್‌ರೂಮ್ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು, ಏಕೆಂದರೆ ಎಲ್ಲರೂ ಅದರ ಬಣ್ಣವನ್ನು ಹಗಲಲ್ಲಿ ಆರಿಸುತ್ತಾರೆ, ಬಳಸುವುದು ರಾತ್ರಿ. ನಿಮ್ಮ ಬೆಡ್‌ರೂಮಿನ ಗೋಡೆಯನ್ನು ನೀವು ಬಿಸಿಲಿನಲ್ಲಿ ನೋಡುವುದೇ ಅಪರೂಪ ಎಂದಾದರೆ, ದೀಪ ಹಚ್ಚಿಯೇ ಬಣ್ಣ ಆರಿಸಿ. ಹಳದಿ ಬಲ್ಬಿನ ಕೆಳಗೆ ತಿಳಿ ನೀಲಿ ಮಂಕು ಬೂದಾಗುತ್ತದೆ. ಕೆನೆ ಬಣ್ಣ ಇನ್ನೂ ಹಳದಿಯಾಗುತ್ತದೆ. ಬೆಳಕು ತೀರಾ ಕಡಿಮೆಯಾದಾಗ ಇನ್ನೊಂದು ವಿಚಿತ್ರ ಆಗುತ್ತದೆ. ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಮತ್ತು ಹಸಿರು ಅದಕ್ಕಿಂತ ಬೆಳ್ಳಗೆ ಕಾಣುತ್ತವೆ. ಜೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 19ನೇ ಶತಮಾನದ ಆರಂಭದಲ್ಲೇ ಇದನ್ನು ಗುರುತಿಸಿದ್ದರು. ಮಬ್ಬು ಬೆಳಕಿನಲ್ಲಿ ಕಣ್ಣಿನ ಬೇರೆ ಜೀವಕೋಶಗಳು ಕೆಲಸ ಹಿಡಿಯುತ್ತವೆ, ಅವಕ್ಕೆ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಮಂದ ದೀಪದ ಬೆಡ್‌ರೂಮಿನಲ್ಲಿ ಕಡುಗೆಂಪು ಗೋಡೆ ರಾತ್ರಿ ಸುಮ್ನೆ ಕತ್ತಲಾಗಿ ನಿಲ್ಲುವುದು ಇದಕ್ಕೇ.

ಬಣ್ಣ ಮನಸ್ಸಿಗೆ ಹೀಗೆ ಮಾಡುತ್ತದೆ, ಹಾಗೆ ಮಾಡುತ್ತದೆ ಎಂಬ ಮಾತುಗಳನ್ನು ನಾನು ಎಚ್ಚರದಿಂದ ಕೇಳುತ್ತೇನೆ. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಬಂಧೀಖಾನೆಯೊಂದಕ್ಕೆ ಗುಲಾಬಿ ಬಣ್ಣ ಹೊಡೆದು ಕೈದಿಗಳ ಸಿಟ್ಟು ಇಳಿಯಿತು ಎಂದರು. ಸುದ್ದಿ ಹಬ್ಬಿ ಬೇರೆ ಜೈಲುಗಳಲ್ಲೂ ಗುಲಾಬಿ ಕೋಣೆಗಳು ಬಂದವು. ಆಮೇಲೆ ಬಿಗಿಯಾಗಿ ಪರೀಕ್ಷೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ನೀಲಿ ಗೋಡೆ ನಿದ್ದೆ ಬರಿಸುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ, ನಿಮಗೆ ನೀಲಿ ಇಷ್ಟವಿಲ್ಲದಿದ್ದರೆ, ದಯವಿಟ್ಟು ಹೊಡೆಸಬೇಡಿ. ನಿಮ್ಮ ಮನಸ್ಸಿಗೆ ಹಿತವಾಗುವ ಬಣ್ಣ ನಿಮಗೇ ಗೊತ್ತಿರುತ್ತದೆ.

ಅಡುಗೆಮನೆ ಬಗ್ಗೆ ಎರಡೇ ಮಾತು. ಚಾಕು ಹಿಡಿದು ಕೆಲಸ ಮಾಡುವ ಕಟ್ಟೆಯ ಹತ್ತಿರದ ಗೋಡೆ ತಿಳಿಯಾಗಿರಲಿ, ಒರೆಸಿದರೆ ಹೋಗುವ ಪೇಂಟ್ ಇರಲಿ. ಉಳಿದ ಗೋಡೆಗೆ ನಿಮ್ಮ ಇಷ್ಟ.

ಬಾತ್‌ರೂಮಿನಲ್ಲಿ ಕನ್ನಡಿ ಇರುವ ಕಾರಣ ಒಂದು ಎಚ್ಚರಿಕೆ ಬೇಕು. ಕನ್ನಡಿ ಎದುರು ನಿಂತಾಗ ಪಕ್ಕದ ಗೋಡೆಗಳಿಂದ ಪುಟಿದ ಬೆಳಕೇ ನಿಮ್ಮ ಮುಖಕ್ಕೆ ಬೀಳುತ್ತದೆ. ಗಾಢ ಹಸಿರು ಗೋಡೆ ಇದ್ದರೆ ಆರೋಗ್ಯವಾಗಿರುವವರೂ ಕಾಯಿಲೆ ಬಿದ್ದವರಂತೆ ಕಾಣುತ್ತಾರೆ. ಕನ್ನಡಿಯ ಅಕ್ಕಪಕ್ಕ ಬೆಚ್ಚನೆಯ ತಿಳಿ ಬಣ್ಣ ಇಡಿ, ಹಸಿರು ಬೇಕೆಂದರೆ ಅದು ದೂರದ ಗೋಡೆಗೆ ಹೋಗಲಿ.

ಓದುವ ಕೋಣೆಯಲ್ಲಿ ಕಂಪ್ಯೂಟರ್ ಪರದೆಯ ಹಿಂದಿನ ಗೋಡೆ ತೀರಾ ಕಪ್ಪಗೂ ಬೇಡ, ಬಿಸಿಲು ಬಿದ್ದು ಹೊಳೆಯುವ ಬಿಳಿಯೂ ಬೇಡ. ಪರದೆಗೂ ಗೋಡೆಗೂ ಬೆಳಕಿನಲ್ಲಿ ದೊಡ್ಡ ಅಂತರ ಇದ್ದರೆ ಕಣ್ಣು ದಣಿಯುತ್ತದೆ.

ವಯಸ್ಸಾದವರ ಕೋಣೆ. ಇದರ ಬಗ್ಗೆ ನನಗೆ ನಿಜವಾಗಿಯೂ ಕಳಕಳಿ ಇದೆ, ಯಾಕೆಂದರೆ ಬಣ್ಣ ಆರಿಸುವವರು ಸಾಮಾನ್ಯವಾಗಿ ಮನೆಯ ಕಿರಿಯರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. 60 ವರ್ಷದವರ ಅಕ್ಷಿಪಟಕ್ಕೆ ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ನಿಮಗೆ ತಿಳಿಯಾಗಿ, ಸೊಗಸಾಗಿ ಕಾಣುವ ಬೂದು ಗೋಡೆ, ಬೂದು ನೆಲ, ಬೂದು ಬಾಗಿಲು ಅವರಿಗೆ ಒಂದೇ ಮಬ್ಬಾಗಿ ಕಾಣುತ್ತದೆ. ಗೋಡೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ತಿಳಿ ನೀಲಿಯನ್ನೂ ತಿಳಿ ಹಸಿರನ್ನೂ ಬೇರೆ ಮಾಡುವುದು ಅವರಿಗೆ ಕಷ್ಟ. ಅವರಿಗೆ ಬೇಕಾದದ್ದು ತಿಳಿ ಮತ್ತು ಗಾಢದ ನಡುವಿನ ಸ್ಪಷ್ಟ ವ್ಯತ್ಯಾಸ. ಗೋಡೆ ತಿಳಿಯಾಗಿದ್ದರೆ ಬಾಗಿಲ ಚೌಕಟ್ಟು ಗಾಢವಾಗಿರಲಿ. ಸ್ವಿಚ್ ಬೋರ್ಡ್ ಗೋಡೆಯಲ್ಲಿ ಕಳೆದುಹೋಗಬಾರದು. ಬಾತ್‌ರೂಮಿನ ಹಿಡಿಕಂಬಿ ಟೈಲ್ಸ್‌ನಿಂದ ಬೇರೆ ಬಣ್ಣದ್ದಾಗಿರಲಿ. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಒಂದು ಪಟ್ಟಿ ಬಳಿಸಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಬೀಳುವುದನ್ನು ತಪ್ಪಿಸಲು ಇದು ನೆರವಾಗುತ್ತದೆ.

ಮಕ್ಕಳ ಕೋಣೆಗೆ ಬಣ್ಣ ಅವರೇ ಆರಿಸಲಿ, ಆದರೆ ಪೇಂಟ್ ನೀವು ಆರಿಸಿ. ಪೇಂಟಿನಲ್ಲಿರುವ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎಂಬ ಮಿತಿಯೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಕಡಿಮೆ ಸೀಸ ಎಂಬ ಮಾತು ಡಬ್ಬಿಯ ಮೇಲೆ ಇದೆಯೇ ಅಂತ ನೋಡಿ. ಹಳೆಯ ಮನೆಯಾದರೆ ಹಳೇ ಬಣ್ಣವನ್ನು ಒಣಗಿದ್ದಾಗ ಎಮರಿ ಪೇಪರಿನಿಂದ ಉಜ್ಜಿಸಬೇಡಿ. ಆ ದೂಳಿನಲ್ಲೇ ಸೀಸ ಇರಬಹುದು. ಕೆಲಸ ನಡೆಯುವಾಗ ಮಕ್ಕಳು, ಗರ್ಭಿಣಿಯರು ಅಲ್ಲಿ ಇರಬಾರದು.

ಶೇಡ್ ಗೊತ್ತಾದ ಮೇಲೆ ಹೊಳಪಿನ ಪ್ರಶ್ನೆ ಬರುತ್ತದೆ. ಮ್ಯಾಟ್ ಪೇಂಟ್ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ, ಗೋಡೆಯ ಉಬ್ಬುತಗ್ಗು ಮುಚ್ಚುತ್ತದೆ, ಆದರೆ ಕಲೆಯಾದರೆ ಒರೆಸುವುದು ಕಷ್ಟ. ಗ್ಲಾಸಿ ಪೇಂಟ್ ಚೆನ್ನಾಗಿ ಒರೆಸಬಹುದು, ಆದರೆ ಪಕ್ಕದ ಕಿಟಕಿಯಿಂದ ಓರೆಯಾಗಿ ಬೆಳಕು ಬಿದ್ದಾಗ ಪುಟ್ಟಿ ಎಳೆದ ಒಂದೊಂದು ಗುರುತೂ ಕಾಣುತ್ತದೆ. ಕಿಟಕಿಯ ಪಕ್ಕದ ಉದ್ದ ಗೋಡೆಗೆ ನಾನಂತೂ ಹೊಳಪಿನ ಪೇಂಟ್ ಬೇಡ ಎನ್ನುತ್ತೇನೆ.

ಕೊನೆಯ ಹೆಜ್ಜೆ ಸ್ಯಾಂಪಲ್. ಚಿಕ್ಕ ಡಬ್ಬಿ ತಂದು ಗೋಡೆಗೆ ನೇರವಾಗಿ ಬಳಿಯಬೇಡಿ, ಹಳೆಯ ಬಣ್ಣ ಸುತ್ತ ಇದ್ದು ದಾರಿ ತಪ್ಪಿಸುತ್ತದೆ. ಎರಡಡಿ ಅಗಲದ ಬಿಳಿ ರಟ್ಟಿಗೆ ಎರಡು ಕೋಟ್ ಹೊಡೆಯಿರಿ, ಪೂರ್ತಿ ಒಣಗಲು ಬಿಡಿ. ಎಮಲ್ಷನ್ ಪೇಂಟ್ ಹಸಿಯಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತದೆ. ಒಣಗಿದ ರಟ್ಟನ್ನು ಕಿಟಕಿಯ ಎದುರು, ಕಿಟಕಿಯ ಪಕ್ಕ, ಮೂಲೆಯಲ್ಲಿ, ಸೋಫಾದ ಹಿಂದೆ ನಿಲ್ಲಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಗೋಡೆಗೆ ಹೊಡೆಯುವ ಬಣ್ಣ ನಿಂತಿರುತ್ತದೆ, ಆದ್ದರಿಂದ ರಟ್ಟನ್ನೂ ನಿಲ್ಲಿಸಿಯೇ ನೋಡಬೇಕು. ಮೇಜಿನ ಮೇಲೆ ಮಲಗಿಸಿದರೆ ಅದಕ್ಕೆ ಬೀಳುವ ಬೆಳಕೇ ಬೇರೆ.

ಕೆಲವು ಪ್ರಶ್ನೆಗಳು ಬಂದವು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: ‘ಚಿಕ್ಕ ಕೋಣೆ, ಕಿಟಕಿಯೂ ಚಿಕ್ಕದು. ಬಿಳಿ ಹೊಡೆಸಿದರೆ ದೊಡ್ಡದಾಗಿ ಕಾಣುತ್ತದಲ್ಲವೇ?’ ಬೆಳಕು ಇದ್ದರೆ ಕಾಣುತ್ತದೆ ಸರ್. ಬಿಳಿ ಬೆಳಕನ್ನು ಹುಟ್ಟಿಸುವುದಿಲ್ಲ, ಬಿದ್ದದ್ದನ್ನು ವಾಪಸ್ ಕೊಡುತ್ತದೆ. ಬೀಳುವುದೇ ಕಡಿಮೆಯಾದರೆ ಮೂಲೆಗಳಲ್ಲಿ ಬಿಳಿ ಕೊಳಕು ಬೂದಾಗಿ ಕೂರುತ್ತದೆ. ಮೊದಲು ಒಳ್ಳೆಯ ದೀಪ ಹಾಕಿಸಿ, ಆಮೇಲೆ ತಿಳಿ ಬಣ್ಣ. ದೀಪ ಹಾಕಿಸಲು ಆಗದು, ಅಲ್ಲಿ ಸ್ವಲ್ಪ ಹೊತ್ತು ಮಾತ್ರ ಇರುತ್ತೀರಿ ಅನ್ನುವುದಾದರೆ, ಇಟ್ಟಿಗೆ ಬಣ್ಣದಂಥ ಬೆಚ್ಚನೆಯ ಗಾಢ ಬಣ್ಣಕ್ಕೆ ಧೈರ್ಯ ಮಾಡಿ. ಕೋಣೆ ದೊಡ್ಡದಾಗಿ ಕಾಣುವುದಿಲ್ಲ, ಆದರೆ ಮಂಕಾಗಿಯೂ ಕಾಣುವುದಿಲ್ಲ.

‘ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹೊಡೆಸಬೇಕೆಂದಿದ್ದೇನೆ ಮೇಡಂ, ಯಾವ ಗೋಡೆ?’ ಎಂದು ಒಬ್ಬ ಯುವತಿ ಕೇಳಿದರು. ಕಿಟಕಿ ಇರುವ ಗೋಡೆಯನ್ನು ಬಿಟ್ಟುಬಿಡಮ್ಮ. ಹಗಲಲ್ಲಿ ಆ ಗೋಡೆಗೆ ಬೆಳಕೇ ಬೀಳುವುದಿಲ್ಲ, ಪಕ್ಕದಲ್ಲಿ ಹೊಳೆಯುವ ಕಿಟಕಿಯಿಂದಾಗಿ ಇನ್ನೂ ಕಪ್ಪಾಗಿ ಕಾಣುತ್ತದೆ. ಕಿಟಕಿಯ ಎದುರು ಗೋಡೆಗೆ ಬೆಳಕು ನೇರವಾಗಿ ಬೀಳುತ್ತದೆ, ಗಾಢ ಬಣ್ಣ ಅಲ್ಲಿ ನಿಜವಾಗಿ ತೆರೆದುಕೊಳ್ಳುತ್ತದೆ.

ಸೀಲಿಂಗ್ ಬಿಳಿಯೇ ಆಗಬೇಕೇ? ಆಗಲೇಬೇಕೆಂದಿಲ್ಲ. ತಿಳಿ ಸೀಲಿಂಗ್ ಎತ್ತರವಾಗಿ ಕಾಣುತ್ತದೆ, ದೀಪದ ಬೆಳಕನ್ನು ಕೆಳಗೆ ಕಳಿಸುತ್ತದೆ. ಗೋಡೆಯ ಬಣ್ಣವನ್ನೇ ತುಂಬಾ ತಿಳಿಮಾಡಿ ಸೀಲಿಂಗ್‌ಗೆ ಹೊಡೆಸಿದರೆ ಗೋಡೆಗೂ ಸೀಲಿಂಗ್‌ಗೂ ನಡುವಿನ ಗೆರೆ ಮೃದುವಾಗುತ್ತದೆ. ನನಗೆ ಇದು ಇಷ್ಟ.

ಕೊನೆಯದಾಗಿ ಒಬ್ಬರು ಕೇಳಿದ್ದು: ‘ಹೊಡೆಸಿದ ಮೇಲೆ ಗೀಚಿದ ಜಾಗಕ್ಕೆ ಅದೇ ಪೇಂಟ್ ತಂದು ಹಚ್ಚಿದರೂ ತೇಪೆ ಹಾಕಿದಂತೆ ಕಾಣುತ್ತದೆ, ಯಾಕೆ?’ ಒಂದೇ ಶೇಡ್ ಆದರೂ ಬೇರೆ ಬೇರೆ ಸಲ ಕಲಸಿದ ಡಬ್ಬಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಜೊತೆಗೆ ಗೋಡೆಯ ಬಣ್ಣ ಬಿಸಿಲಿಗೆ ಸ್ವಲ್ಪ ಮಾಸಿರುತ್ತದೆ. ಹಾಗಾಗಿ ಒಂದು ಕೋಣೆಗೆ ಬೇಕಾದಷ್ಟನ್ನು ಒಟ್ಟಿಗೇ ತರಿಸಿ, ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಂಡು ಶುರು ಮಾಡಲು ಪೇಂಟರಿಗೆ ಹೇಳಿ. ಗೋಡೆಯ ನಡುವೆ ಡಬ್ಬಿ ಬದಲಾದರೂ ಗೆರೆ ಕಾಣುವುದಿಲ್ಲ. ಉಳಿದದ್ದನ್ನು ಚಿಕ್ಕ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿಸಿ, ಬಿಗಿಯಾಗಿ ಮುಚ್ಚಿ ಇಡಿ. ಮೇಲೆ ಶೇಡ್ ನಂಬರ್, ಕೋಣೆಯ ಹೆಸರು, ಹೊಳಪು ಯಾವುದು, ಹೊಡೆಸಿದ ತಿಂಗಳು ಬರೆಯಿರಿ. ಅದನ್ನು ಗೀಚಿದಲ್ಲಿ ಮಾತ್ರ ಹಚ್ಚಿ ನೋಡಿ. ಆದರೂ ಎದ್ದು ಕಂಡರೆ ಮೂಲೆಯಿಂದ ಮೂಲೆಯವರೆಗೆ ಆ ಒಂದು ಗೋಡೆಗೆ ಪೂರ್ತಿ ಹೊಡೆಸಿಬಿಡಿ. ಮೂಲೆಯಲ್ಲಿ ಬೆಳಕು ತಾನಾಗಿಯೇ ಬದಲಾಗುವುದರಿಂದ ಪಕ್ಕದ ಗೋಡೆಯ ಜೊತೆಗಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.